ಸೋತರೆ ಸೀಸನ್ ಮುಗೀತು: ಕಾಲೇಜು ಫುಟ್ಬಾಲ್‌ಗೆ ನಾಲ್ಕು ತಾಲ್ಲೂಕಿನ ಲೀಗ್ ಯಾಕೆ ಬೇಕು?

ಕೊಪ್ಪಳ: ಡಿಗ್ರಿ ಕಾಲೇಜಿನ ಫುಟ್ಬಾಲ್ ತಂಡಕ್ಕೆ ವರ್ಷಕ್ಕೆ ಎಷ್ಟು ಮ್ಯಾಚ್ ಸಿಗುತ್ತವೆ? ಅಂತರ ಕಾಲೇಜು ಟೂರ್ನಿ ನಾಕೌಟ್ ಆಗಿದ್ದರೆ ಲೆಕ್ಕ ಸುಲಭ. ಸೋತ್ರ ಮನಿಗೆ. ಎಂಟು ತಂಡ ಬಂದಿದ್ದರೆ ಮೊದಲ ಸುತ್ತಿಗೇ ನಾಲ್ಕು ತಂಡದ ಹುಡುಗರು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ದಾರಿ ಹಿಡಿಯುತ್ತಾರೆ. ಅವರ ಸೀಸನ್ 90 ನಿಮಿಷಕ್ಕೆ ಖಲಾಸ್.

ರಾಜ್ಯದಲ್ಲಿ 2024ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಪ್ರತಿ ಸಲ ಮೊದಲ ಸುತ್ತಿನಲ್ಲೇ ಸೋಲುವ ತಂಡದ ಹುಡುಗ ಮೂರು ವರ್ಷಕ್ಕೆ ಆಡುವುದು 3 ಮ್ಯಾಚ್, 270 ನಿಮಿಷ. ಅಂದರೆ ಬರೀ ನಾಲ್ಕೂವರೆ ತಾಸು. ಇಷ್ಟರಲ್ಲಿ ಆಟ ಸುಧಾರಿಸೋದು ಹೆಂಗ?

ವಿ.ವಿ. ಹತ್ತಿರ ಬಂತು, ಉಳಿಯುತ್ತದಾ?

ಜಿಲ್ಲೆಯ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ, 2010ರ ನಂತರ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2023ರಲ್ಲಿ ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಯಿತು. ಕುಷ್ಟಗಿ–ಹುಬ್ಬಳ್ಳಿ ರೈಲು 2025ರ ಮೇ 15ರಂದು ಓಡಿದ ಮೇಲೆ ಕುಷ್ಟಗಿ, ಯಲಬುರ್ಗಾದ ಹುಡುಗರಿಗೆ ತಳಕಲ್ ಇನ್ನೂ ಹತ್ತಿರವಾಯಿತು.

ಆಟಗಾರನಿಗೆ ಇದು ಸಣ್ಣ ವಿಷಯ ಅಲ್ಲ. ವಿ.ವಿ. ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಟೂರ್ನಿಗೆ ಹೋಗಬಹುದು. ಮೂರು ಜಿಲ್ಲೆಯ ಹುಡುಗರು ಒಂದೇ ತಂಡದ ಜಾಗಕ್ಕೆ ಪೈಪೋಟಿ ಮಾಡುವುದಕ್ಕೂ ಒಂದೇ ಜಿಲ್ಲೆಯವರು ಮಾಡುವುದಕ್ಕೂ ಬಹಳ ಫರಕು. ವಿ.ವಿ. ಪರವಾಗಿ ಆಡಿದ ಸರ್ಟಿಫಿಕೇಟ್ ಮುಂದೆ ಬಿ.ಪಿ.ಇಡಿ. ಸೀಟಿಗೂ, ಕ್ರೀಡಾ ಕೋಟಾದ ಅರ್ಜಿಗೂ ಉಪಯೋಗಕ್ಕೆ ಬರುತ್ತದೆ.

ಆದರೆ 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿ 9 ವಿ.ವಿ.ಗಳನ್ನು ಮುಚ್ಚಲು ಶಿಫಾರಸು ಮಾಡಿತು. ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಚರ್ಚೆಯೆಲ್ಲ ಹುದ್ದೆ, ಅನುದಾನ, ಪರೀಕ್ಷೆ ಸುತ್ತಲೇ ನಡೆಯಿತು. ಮೈದಾನದ ಹುಡುಗರ ಪಾಡೇನು ಎಂಬ ಪ್ರಶ್ನೆಯೂ ಅದರೊಳಗೇ ಇದೆ. ವಿ.ವಿ. ಉಳಿದರೂ ನಾಕೌಟ್ ಒಂದೇ ಇದ್ದರೆ ಮ್ಯಾಚ್ ಹೆಚ್ಚಾಗುವುದಿಲ್ಲ. ಹೋದರೆ ಇರುವ ಅವಕಾಶವೂ ದೂರ ಸರಿಯುತ್ತದೆ. ಎರಡಕ್ಕೂ ಮದ್ದು ಒಂದೇ: ಜಿಲ್ಲೆಯೊಳಗೇ ಮ್ಯಾಚ್ ಹೆಚ್ಚಿಸುವುದು.

ರಿಯಾದ್‌ನ ಪಾಠ

ಕರ್ನಾಟಕ ತಂಡ 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದಿನ ಗೆಲುವು 1968–69ರದ್ದು, ಮೈಸೂರು ರಾಜ್ಯ ಎಂಬ ಹೆಸರಿದ್ದಾಗ. 54 ವರ್ಷ ಕಾದು ಬಂದ ಕಪ್ ಅದು. ಬೆಂಗಳೂರಲ್ಲಿ ಸೂಪರ್ ಡಿವಿಜನ್‌ನಿಂದ ಕೆಳಗಿನ ಡಿವಿಜನ್‌ವರೆಗೆ ಲೀಗ್ ನಡೆಯುತ್ತದೆ. ಅಲ್ಲಿ ಒಂದು ಮ್ಯಾಚ್ ಸೋತವನಿಗೆ ಮತ್ತೊಂದು ಮ್ಯಾಚ್ ಕಾದಿರುತ್ತದೆ. ಹಿಂದಿನ ವಾರದ ತಪ್ಪು ತಿದ್ದಿಕೊಳ್ಳಲು ಈ ವಾರ ಸಿಗುತ್ತದೆ. ಕೊಪ್ಪಳದ ಹುಡುಗನಿಗೆ ಬೇಕಾಗಿರುವುದೂ ಆ ಎರಡನೇ ಅವಕಾಶವೇ.

ಲೆಕ್ಕ ಹಾಕಿ ನೋಡಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ತಾಲ್ಲೂಕಿಗೆ ಒಂದು ತಂಡ. ಪ್ರತಿಯೊಬ್ಬರೂ ಉಳಿದ ಮೂವರ ಜೊತೆ ತಮ್ಮೂರಲ್ಲಿ ಒಮ್ಮೆ, ಅವರೂರಲ್ಲಿ ಒಮ್ಮೆ ಆಡಿದರೆ ಒಟ್ಟು 12 ಮ್ಯಾಚ್. ಒಂದು ತಂಡಕ್ಕೆ 6. ಮೂರು ವರ್ಷಕ್ಕೆ 18 ಮ್ಯಾಚ್, 27 ತಾಸಿನ ಆಟ. ಎಲ್ಲ ಮ್ಯಾಚ್ ಸೋತರೂ ಇಷ್ಟು ಸಿಕ್ಕೇ ಸಿಗುತ್ತದೆ. ವಿ.ವಿ. ಆಯ್ಕೆ ಮಾಡುವವರಿಗೂ ಒಂದು ದಿನದ ಟ್ರಯಲ್ ಬದಲು ಆರು ಮ್ಯಾಚ್ ನೋಡಲು ಸಿಗುತ್ತವೆ. ನಡೆದು ತೋರಿಸಿದರೆ ಕುಕನೂರು, ಕಾರಟಗಿ, ಕನಕಗಿರಿಯನ್ನೂ ಸೇರಿಸಬಹುದು. ಹುಡುಗಿಯರಿಗೆ ಹನ್ನೊಂದು ಜನ ಕೂಡದಿದ್ದರೆ ಏಳು ಜನರ ತಂಡದಿಂದಲೇ ಶುರು ಮಾಡಬಹುದು.

ಬೆಳಿಗ್ಗೆ ಕೆಂಪು ಬಸ್ ಹತ್ತಿ, ಆಡಿ, ಸಂಜೆ ಮನೆ ಸೇರುವಷ್ಟು ಹತ್ತಿರದ ಊರುಗಳಿವು. ಲಾಡ್ಜ್ ಖರ್ಚಿಲ್ಲ. ಒಂದು ತಂಡ ಹೊರಗೆ ಹೋಗುವುದು ಮೂರೇ ಸಲ.

ತೊಡಕುಗಳೂ ಇವೆ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದರೆ ಮನೆಯವರು ಬಿಡುವುದಿಲ್ಲ. ಹಾಜರಾತಿ ಯಾರು ಕೊಡಬೇಕು ಎಂಬ ಜಗಳ ಬೇರೆ. ಎರೆ ನೆಲ ಮಳೆಗೆ ಬೂಟಿಗೇ ಅಂಟುತ್ತದೆ, ಮಸಾರಿ ಬೇಗ ಒಣಗುತ್ತದೆ. ಹಾಗಾಗಿ ಮ್ಯಾಚ್ ದಿನಾಂಕವನ್ನು ಮಳೆ, ಪರೀಕ್ಷೆ ಎರಡನ್ನೂ ನೋಡಿ ವರ್ಷದ ಆರಂಭದಲ್ಲೇ ಗೊತ್ತು ಮಾಡಬೇಕು. ದೈಹಿಕ ಶಿಕ್ಷಣ ನಿರ್ದೇಶಕರಿಲ್ಲದ ಕಾಲೇಜಿನಲ್ಲಿ ಹೊಣೆ ಯಾರದು ಎಂಬುದೂ ಆಗಲೇ ತೀರ್ಮಾನವಾಗಬೇಕು.

ಅಂಗಡಿಯವರ ಪಾಲು

ನಿಯಮದ ಪ್ರಕಾರ ಮೈದಾನ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲ ಇರಬೇಕು. ಗೋಲ್ ಪೋಸ್ಟ್ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಪೈಪ್ ತಂದುಕೊಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುವ ಕೆಲಸ. ಜರ್ಸಿ ಬೆನ್ನಿಗೆ ಕಿರಾಣಿ ಅಂಗಡಿಯ ಹೆಸರು, ಸುಣ್ಣದ ಗೆರೆಗೆ ಒಬ್ಬರ ಕೊಡುಗೆ, ಮಂಡಕ್ಕಿ–ಮಿರ್ಚಿಗೆ ಇನ್ನೊಬ್ಬರದು. ಸಂತೆ ದಿನ ಬಿಟ್ಟು ಮ್ಯಾಚ್ ಇಟ್ಟರೆ ಅಂಗಡಿಯವರೂ ನೋಡಲು ಬರುತ್ತಾರೆ, ಮೈದಾನದ ಸುತ್ತ ಚಹಾದಂಗಡಿಗೂ ನಾಲ್ಕು ಕಾಸು ಆಗುತ್ತದೆ.

ವಿ.ವಿ. ಇರಬೇಕೋ ಬೇಡವೋ ಎಂಬುದು ಬೆಂಗಳೂರಲ್ಲಿ ನಿರ್ಧಾರವಾಗುವ ಮಾತು. 12 ಮ್ಯಾಚ್ ಆಡಿಸುವುದಕ್ಕೆ ಅಲ್ಲಿಯವರೆಗೆ ಹೋಗಬೇಕಿಲ್ಲ. ನಾಲ್ಕು ಕಾಲೇಜಿನ ಪ್ರಾಂಶುಪಾಲರು ಒಂದು ದಿನ ಒಂದೇ ಮೇಜಿನ ಸುತ್ತ ಕೂತು ಕ್ಯಾಲೆಂಡರ್ ತೆರೆದರೆ ಸಾಕು.