ವಾರ್ಡಿನ ಮಾತು – 23: ಪೇಶೆಂಟ್ ಅಂದ್ರೆ ಸಹಿಸ್ಕೊಳ್ಳೋರಾ?

ಇವತ್ತು ನನ್ನ ಜಗಳ ದಿನಕ್ಕೆ ನೂರು ಸಲ ಬಾಯಿಗೆ ಬರೋ ಒಂದು ಪದದ ಜೊತೆ: ಪೇಶೆಂಟ್.

ಇದರ ಬೇರು ಲ್ಯಾಟಿನ್ನಿನ 'ಪತೀ'. ನಗಬೇಡಿ, ಗಂಡ ಅಲ್ಲ! ನರಳು, ಸಹಿಸು ಅಂತ ಅರ್ಥ. ಇಂಗ್ಲಿಷಿನಲ್ಲಿ 14ನೇ ಶತಮಾನದಿಂದಲೂ ತಾಳ್ಮೆ ಇರೋರಿಗೂ ಚಿಕಿತ್ಸೆಗೆ ಬಂದೋರಿಗೂ ಇದೊಂದೇ ಪದ. ಪದ ಒಂದೇ ಅಂತ ಇಬ್ಬರೂ ಒಂದೇನಾ?

ಇಲ್ಲಿ ಬ್ರಿಟನ್ನಿನಲ್ಲಿ "ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು?" ಅಂತ ಕೇಳ್ತೀವಿ. ನಮ್ಮ ಕಡೆಯ ಅಮ್ಮಂದಿರು ಹಲ್ಲು ಕಚ್ಕೊಂಡು "ಎರಡು, ಪರವಾಗಿಲ್ಲಮ್ಮ" ಅಂತಾರೆ. ಎರಡು ಅಂದ್ರೆ ಸಿಗೋದೂ ಎರಡರ ಔಷಧಿನೇ!

ಊರಲ್ಲೂ ಅದೇ ಕಥೆ. ಎದೆ ಹಿಂಡಿದ್ರೆ "ಗ್ಯಾಸು" ಅಂತ ಜೀರಿಗೆ ಕಷಾಯ. ಹೃದಯಾಘಾತ ಆಗಿದ್ರೆ ರಕ್ತ ಸಿಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯ್ತಿರುತ್ತೆ. ನಿಮ್ಮ ಸಹನೆ ನೋಡಿ ಅದು ಕಾಯಲ್ಲ.

ನಮ್ಮ ಕನ್ನಡದ 'ರೋಗಿ' ನೋಡಿ: ರೋಗ ಇರೋರು, ಅಷ್ಟೇ. ಸಹಿಸ್ಕೋ ಅನ್ನೋ ಅಪ್ಪಣೆ ಅದರಲ್ಲಿಲ್ಲ. ನಾವ್ಯಾಕೆ ಸೇರಿಸ್ಬೇಕು?

ಅತ್ತೆ, ದೊಡ್ಡಮ್ಮ, ಚಿಕ್ಕಮ್ಮ, ನಿಮಗೇ ಹೇಳ್ತಿರೋದು. ಎಂಟು ಇದ್ರೆ ಎಂಟು ಅನ್ನಿ. ಎದೆ ನೋವು ಬಂದ್ರೆ ಮೊದಲು 108ಕ್ಕೆ ಫೋನ್ ಮಾಡಿ. ಯಾರಿಗೂ ತೊಂದರೆ ಆಗಲ್ಲ, ಆದ್ರೂ ಆಗ್ಲಿ ಬಿಡಿ.