ಹರಿದ ಹಾಳೆಗಳು

ಕಳೆದ ವಾರ ಸಂಜೆ ರಾಯದುರ್ಗದಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಗೋಡೆಗೊರಗಿ ಕುಳಿತು ಕಾಪಿ ಬರೆಯುತ್ತಿದ್ದಳು. ಪಕ್ಕದಲ್ಲಿ ಹರಿದು ಮುದುರಿದ ಮೂರು ಹಾಳೆಗಳು ಬಿದ್ದಿದ್ದವು. ಒಂದನ್ನು ಬಿಡಿಸಿ ನೋಡಿದೆ. ಕಾಗುಣಿತದಲ್ಲಿ ತಪ್ಪಿರಲಿಲ್ಲ. ಕೆಲವು ಅಕ್ಷರಗಳ ನೆತ್ತಿಯ ಮೇಲೆ ಮಾತ್ರ ಕನ್ನಡದ ತಲಕಟ್ಟಿಗೆ ಬದಲಾಗಿ ತೆಲುಗಿನ ತಲಕಟ್ಟು ಏರಿ ಕುಳಿತಿತ್ತು. ಒಂದೇ ದಿನ ಎರಡು ಲಿಪಿಗಳನ್ನು ಬರೆಯುವ ಕೈಗೆ ಇದು ಸಹಜವೇ. "ಯಾಕಮ್ಮಾ ಹರಿದೆ?" ಎಂದೆ. "ಅಮ್ಮ ನೋಡಿದ್ರೆ ಬೇಜಾರು ಮಾಡ್ಕೊಂತಾಳೆ" ಎಂದಳು.

ಆ ತಾಯಿ ಗದರುವ ಸ್ವಭಾವದವರಲ್ಲ. ನಮ್ಮೂರಿನ ಅನೇಕ ಹೆಣ್ಣುಮಕ್ಕಳಂತೆ ಹಗಲೆಲ್ಲ ಜೀನ್ಸ್ ಹೊಲಿಯುವವರು. ಅಲ್ಲಿ ಒಂದು ಹೊಲಿಗೆ ತಪ್ಪಿದರೂ ಬಟ್ಟೆ ಮರಳಿ ಬರುತ್ತದೆ. ಬಿಚ್ಚಿ ಮತ್ತೆ ಹೊಲಿಯಬೇಕು. ದಿನವಿಡೀ ದೋಷವನ್ನೇ ಹುಡುಕಿದ ಕಣ್ಣು ಮನೆಗೆ ಬಂದರೂ ಸುಮ್ಮನಾಗುವುದಿಲ್ಲ. ಮಡಿಕೆ ಸರಿಯಿಲ್ಲದ ಸೀರೆ, ಉಜ್ಜಿದರೂ ಮಸಿ ಉಳಿದ ಪಾತ್ರೆ, ವಕ್ರವಾದ ಅಕ್ಷರ ಎಲ್ಲವೂ ಚುಚ್ಚುತ್ತವೆ. ಮಾತಾಡದಿದ್ದರೂ ಮುಖ ಹೇಳುತ್ತದೆ. ಮಕ್ಕಳು ಮುಖವನ್ನು ಪುಸ್ತಕಕ್ಕಿಂತ ಚೆನ್ನಾಗಿ ಓದುತ್ತಾರೆ.

ನಮ್ಮ ವಿಷಯದಲ್ಲಿ ಇನ್ನೊಂದು ಭಾರವೂ ಇದೆ. 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಅಂದಿನಿಂದ ನಮ್ಮ ಮಕ್ಕಳು ತಪ್ಪು ಬರೆದರೆ ಅದು ಮಕ್ಕಳ ತಪ್ಪಾಗಿ ಉಳಿಯುವುದಿಲ್ಲ. "ಕನ್ನಡ ಶಾಲೆಗೆ ಹಾಕಿದರೆ ಹೀಗೇ" ಎಂಬ ಮಾತಾಗುತ್ತದೆ. ಆದ್ದರಿಂದ ಇತರರಿಗಿಂತ ಒಂದು ಕೈ ಮೇಲಿರಬೇಕೆಂದು ಬಯಸುತ್ತೇವೆ. ಬಯಕೆ ತಪ್ಪಲ್ಲ. ಆದರೆ ತಪ್ಪಿಗೆ ಅಂಜಿದ ಮಗು ಮೊದಲು ಹಾಳೆಯನ್ನು ಹರಿಯುತ್ತದೆ, ಆಮೇಲೆ ಪುಸ್ತಕವನ್ನು ಬಚ್ಚಿಡುತ್ತದೆ, ಕೊನೆಗೆ ನೆಂಟರ ಮುಂದೆ ಬಾಯಿ ತೆರೆಯುವುದನ್ನೇ ಬಿಡುತ್ತದೆ. ಶುದ್ಧ ಕನ್ನಡ ಬೇಕೆಂದು ಹೊರಟವರಿಗೆ ಮೌನ ದೊರೆತರೆ ಅದಕ್ಕಿಂತ ನಷ್ಟವೇನಿದೆ?

ಅದೇ 1953ರಲ್ಲಿ ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ ತಮ್ಮ ಪ್ರಬಂಧವೊಂದರಲ್ಲಿ "ಸಾಲುವಷ್ಟು ಒಳ್ಳೆಯ ತಾಯಿ" ಎಂಬ ಮಾತನ್ನು ಬಳಸಿದರು. ಹಸುಗೂಸಿನ ಅಗತ್ಯಗಳನ್ನೆಲ್ಲ ಆಗಿಂದಾಗಲೇ ಪೂರೈಸುವ ತಾಯಿ, ಮಗು ಬೆಳೆದಂತೆ ಅದು ತಾಳಿಕೊಳ್ಳುವಷ್ಟು ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಯುತ್ತಾಳೆ. ಆ ಸಣ್ಣ ಕೊರತೆಯಿಂದಲೇ ಮಗು ಲೋಕವನ್ನು ಎದುರಿಸಲು ಕಲಿಯುತ್ತದೆ ಎಂಬುದು ಅವರ ವಿಚಾರ.

ಮಡಕಶಿರಾದ ರೇಷ್ಮೆ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಹುಳುಮನೆಯಷ್ಟು ಮಡಿ ಬೇಡುವ ಸ್ಥಳ ಮತ್ತೊಂದಿಲ್ಲ. ಪ್ರತಿ ಬೆಳೆಗೂ ಮುನ್ನ ತೊಳೆದು ಬ್ಲೀಚಿಂಗ್ ಪುಡಿಯಿಂದ ಶುದ್ಧಗೊಳಿಸಬೇಕು. ಒಳಗೆ ಹೋಗುವವರ ಕೈಕಾಲು ಶುದ್ಧವಿರಬೇಕು. ಆದರೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆಯೆತ್ತಿ, ಸೊಪ್ಪು ಬಿಟ್ಟು, ಅಲುಗದೆ ಕುಳಿತು ಪೊರೆ ಕಳಚುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಎಷ್ಟು ಕಟ್ಟುನಿಟ್ಟಿನ ಬೆಳೆಗಾರರಾದರೂ ಆ ಹೊತ್ತು ಕೈಕಟ್ಟಿ ಕಾಯುತ್ತಾರೆ. ಕಾಯುವುದೂ ಸಾಕಣೆಯ ಭಾಗವೇ.

ಎಲ್ಲವನ್ನೂ ಸಡಿಲ ಬಿಡಿ ಎಂಬುದು ನನ್ನ ಮಾತಿನ ಅರ್ಥವಲ್ಲ. ಔಷಧದ ಅಳತೆ, ಕುಡಿಯುವ ನೀರು, ಕೊಟ್ಟ ಮಾತು ಇವುಗಳಲ್ಲಿ ನಿಖರತೆ ಬೇಕೇ ಬೇಕು. ಉಳಿದುದರಲ್ಲಿ ಕೊಂಚ ಉದಾರತೆ ಇರಲಿ. ತಪ್ಪಾದ ಸಾಲಿನ ಮೇಲೆ ಒಂದೇ ಗೀಟೆಳೆದು ಕೆಳಗೆ ಸರಿಯಾಗಿ ಬರೆಯಲಿ, ಹಾಳೆ ಉಳಿಯಲಿ. ಮಗ ಕಟ್ಟಿದ ಮುದ್ದೆ ಸೊಟ್ಟಗಿದ್ದರೆ ಹಾಗೆಯೇ ಸಾರಿನಲ್ಲಿ ಅದ್ದಿ ತಿನ್ನೋಣ. ನೆಂಟರು ಬಂದಾಗ ಕುರ್ಚಿಯ ಮೇಲಿನ ಬಟ್ಟೆಯನ್ನು ಸರಿಸಿ, ಕ್ಷಮೆ ಕೇಳದೆ ನೀರು ಕೊಡೋಣ. ಕನ್ನಡ ಓದಲು ಬಾರದ ತಂದೆತಾಯಿಯರು ನಾಚಬೇಕಿಲ್ಲ. ಮಗುವಿನಿಂದ ಪಾಠವನ್ನು ಗಟ್ಟಿಯಾಗಿ ಓದಿಸಿ ಕೇಳಿದರೂ ಅದು ದೊಡ್ಡ ನೆರವೇ.

ಅಂದು ತಾಯಿ ಬಂದ ಮೇಲೆ ಆ ಹಾಳೆಗಳನ್ನು ತೋರಿಸಿದೆ. ಅವರು ಒಂದು ಗಳಿಗೆ ಸುಮ್ಮನಿದ್ದರು. ಬಳಿಕ ಒಳಗಿನಿಂದ ತಮ್ಮ ಮನೆಖರ್ಚಿನ ಪುಸ್ತಕವನ್ನು ತಂದು ಮಗಳ ಮುಂದೆ ಬಿಡಿಸಿಟ್ಟರು. ಅರ್ಧ ಕನ್ನಡ, ಅರ್ಧ ತೆಲುಗು. ಒಂದೇ ಸಾಲಿನಲ್ಲಿ ಎರಡು ಬಗೆಯ ತಲಕಟ್ಟು. "ನಂದೂ ಹಿಂಗೇ ಐತೆ ನೋಡ್ರಿ ಮೇಷ್ಟ್ರೆ" ಎಂದು ನಕ್ಕರು. ಹುಡುಗಿ ಬೆರಳಿಟ್ಟು ಅಮ್ಮನ ತಪ್ಪುಗಳನ್ನು ಎಣಿಸತೊಡಗಿದಳು. ನಾಲ್ಕನೆಯ ಹಾಳೆಯನ್ನು ಅವಳು ಹರಿಯಲಿಲ್ಲ.