ಆಟದ ಬಯಲಿನಲ್ಲಿ ಸಮಾನತೆ

ಆಟದ ಬಯಲಿನಲ್ಲಿ ಕುಲ, ಬಣ್ಣ, ಅಂತಸ್ತುಗಳಿಗೆ ಎಡೆಯಿಲ್ಲ. ಅಲ್ಲಿ ಸಾಮರ್ಥ್ಯವೊಂದೇ ಪ್ರಮಾಣ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಮಾತು ಉದಾತ್ತವಾದುದು. ಆದರೆ ಆ ಬಯಲಿಗೆ ಬರುವ ದಾರಿಯೇ ಕೆಲವರಿಗೆ ಮುಚ್ಚಿದ್ದರೆ ಅವರ ಸಾಮರ್ಥ್ಯವನ್ನು ಅಳೆಯುವ ಬಗೆ ಹೇಗೆ? ದಕ್ಷಿಣ ಆಫ್ರಿಕಾದ ಕ್ರಿಕೆಟ್ ಇತಿಹಾಸವು ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಿದೆ.

1948ರಲ್ಲಿ ಅಧಿಕಾರಕ್ಕೆ ಬಂದ ಅಲ್ಲಿನ ಸರ್ಕಾರವು ವರ್ಣಭೇದವನ್ನು ರಾಜನೀತಿಯನ್ನಾಗಿ ಮಾಡಿಕೊಂಡಿತು. ವಸತಿ, ಶಾಲೆ, ಆಟದ ಬಯಲು ಎಲ್ಲವೂ ಬಣ್ಣಕ್ಕನುಸಾರವಾಗಿ ಬೇರೆಯಾದವು. ದೇಶದ ತಂಡದಲ್ಲಿ ಬಿಳಿಯರಿಗೆ ಮಾತ್ರ ಸ್ಥಾನವಿತ್ತು. ಕೇಪ್‌ಟೌನಿನಲ್ಲಿ ಜನಿಸಿದ ಮಿಶ್ರವರ್ಣದ ಬೇಸಿಲ್ ಡಾಲಿವೇರ ಅವರು ತಾಯ್ನಾಡಿನಲ್ಲಿ ಅವಕಾಶ ಕಾಣದೆ 1960ರಲ್ಲಿ ಇಂಗ್ಲೆಂಡಿಗೆ ತೆರಳಿ, ಆ ದೇಶದ ತಂಡವನ್ನೇ ಸೇರಿದರು. 1968ರಲ್ಲಿ ಅವರಿದ್ದ ಇಂಗ್ಲೆಂಡ್ ತಂಡವನ್ನು ಬರಮಾಡಿಕೊಳ್ಳಲು ದಕ್ಷಿಣ ಆಫ್ರಿಕಾ ಸರ್ಕಾರ ಒಪ್ಪದಿದ್ದುದರಿಂದ ಪ್ರವಾಸವೇ ರದ್ದಾಯಿತು. 1970ರಿಂದ ಆ ದೇಶವು ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ಹೊರಗುಳಿಯಿತು. 1991ರಲ್ಲಿ ಅದು ಮರಳಿ ಕಾಲಿರಿಸಿದ್ದು ಕೋಲ್ಕತ್ತದ ಈಡನ್ ಗಾರ್ಡನ್ಸ್ ಮೈದಾನದಲ್ಲಿ.

ಕಾನೂನು ಬದಲಾದ ಮಾತ್ರಕ್ಕೆ ಬದುಕು ಬದಲಾಗಲಿಲ್ಲ. ಉತ್ತಮ ಮೈದಾನಗಳೂ ತರಬೇತಿಯೂ ಹಿಂದಿನಂತೆ ಬಹುಮಟ್ಟಿಗೆ ಬಿಳಿಯರ ಕೈಯಲ್ಲೇ ಉಳಿದವು. ಆದುದರಿಂದ ತಂಡದಲ್ಲಿ ಇತರರಿಗೂ ಪಾಲು ನಿಗದಿ ಮಾಡುವ ಕ್ರಮ ಬಂದಿತು. ಒಂದು ಋತುವಿನ ಸರಾಸರಿಯಲ್ಲಿ, ತಂಡದ 11 ಮಂದಿಯಲ್ಲಿ 6 ಮಂದಿಯಾದರೂ ಬಿಳಿಯರಲ್ಲದವರೂ, ಅವರಲ್ಲಿ ಇಬ್ಬರಾದರೂ ಕಪ್ಪುವರ್ಣದ ಆಫ್ರಿಕನ್ನರೂ ಇರಬೇಕೆಂಬ ಗುರಿಯನ್ನು 2016ರಲ್ಲಿ ಪ್ರಕಟಿಸಲಾಯಿತು.

ಹುಟ್ಟನ್ನು ನೋಡಿ ಸ್ಥಾನ ಕೊಡುವುದು ಹಳೆಯ ತಪ್ಪನ್ನೇ ತಿರುಗಿ ಮಾಡಿದಂತಲ್ಲವೇ ಎಂದು ಹಲವರು ಆಕ್ಷೇಪಿಸಿದರು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸ್ಥಾನ ತಪ್ಪಿದ ಬಿಳಿಯ ತರುಣನು ವರ್ಣಭೇದವನ್ನು ರೂಪಿಸಿದವನಲ್ಲ. ಸ್ಥಾನ ಪಡೆದವನಿಗೂ ನೆಮ್ಮದಿಯಿಲ್ಲ. ಅವನ ಒಂದೊಂದು ಸೋಲೂ ಅವನ ಬಣ್ಣದ ಲೆಕ್ಕಕ್ಕೆ ಸೇರುತ್ತದೆ. ಲಾಂಗಾ ಬಡಾವಣೆಯಲ್ಲಿ ಬೆಳೆದ ತೆಂಬಾ ಬವುಮಾ ಅವರು ಈ ಸಂಶಯದ ಹೊರೆಯನ್ನು ಬಹುಕಾಲ ಹೊತ್ತರು. 2025ರಲ್ಲಿ ಲಾರ್ಡ್ಸ್ ಮೈದಾನದಲ್ಲಿ, ಕಾಲಿನ ನೋವನ್ನು ಸಹಿಸಿಕೊಂಡು 66 ರನ್ ಗಳಿಸಿ, ನಾಯಕರಾಗಿ ತಮ್ಮ ದೇಶಕ್ಕೆ ವಿಶ್ವ ಟೆಸ್ಟ್ ಚಾಂಪಿಯನ್ ಪದವಿಯನ್ನು ತಂದುಕೊಟ್ಟರು.

ಆದರೂ ಒಂದು ಸಂಗತಿಯನ್ನು ಮರೆಯಲಾಗದು. ಬಣ್ಣದ ಲೆಕ್ಕವನ್ನು ಆಟಕ್ಕೆ ತಂದುದು ಈ ಹೊಸ ನಿಯಮವಲ್ಲ. 11 ಸ್ಥಾನಗಳನ್ನೂ ಬಿಳಿಯರಿಗೇ ಕಾಯ್ದಿರಿಸಿದ್ದ ಹಳೆಯ ಪದ್ಧತಿಗಿಂತ ಕಠಿಣವಾದ ಮೀಸಲಾತಿ ಬೇರೊಂದಿತ್ತೇ? ಅದನ್ನು ಆಗ ಅರ್ಹತೆಯೆಂದು ಕರೆಯಲಾಗುತ್ತಿತ್ತು.

ಮದಿಂಗಿ ಎಂಬ ಹಳ್ಳಿಯಲ್ಲಿ ದನ ಕಾಯುತ್ತಿದ್ದ ಮಖಾಯ ಎನ್ಟಿನಿ ಎಂಬ ಬಾಲಕನನ್ನು ಕ್ರಿಕೆಟ್ ಅಭಿವೃದ್ಧಿ ಯೋಜನೆಯವರು ಗುರುತಿಸಿ, ಒಳ್ಳೆಯ ಮೈದಾನವಿದ್ದ ಶಾಲೆಗೆ ಸೇರಿಸಿದರು. 1998ರಲ್ಲಿ ಆತ ದಕ್ಷಿಣ ಆಫ್ರಿಕಾದ ಪರವಾಗಿ ಟೆಸ್ಟ್ ಆಡಿದ ಮೊದಲ ಕಪ್ಪುವರ್ಣದ ಆಫ್ರಿಕನ್ ಆದರು; ಮುಂದೆ 390 ವಿಕೆಟ್ಟುಗಳನ್ನು ಗಳಿಸಿದರು. ತಂಡದಲ್ಲಿ ಕಾಯ್ದಿರಿಸಿದ ಸ್ಥಾನವು ಮುಚ್ಚಿದ ಬಾಗಿಲನ್ನು ತೆರೆಯಬಲ್ಲದು, ಆಟಗಾರನನ್ನು ಬೆಳೆಸಲಾರದು. ಬೆಳೆಸುವ ಕೆಲಸ ನಡೆಯಬೇಕಾದುದು ಹಳ್ಳಿಯ ಬಯಲಿನಲ್ಲಿ, ಬಡವರ ಮಕ್ಕಳ ಶಾಲೆಯಲ್ಲಿ. ಆ ಕೆಲಸ ಪೂರ್ಣವಾದ ದಿನ ಮೀಸಲು ಸ್ಥಾನವನ್ನು ಯಾರೂ ಕೇಳಬೇಕಾಗಿಲ್ಲ. ಅಲ್ಲಿಯವರೆಗೆ ಅದನ್ನು ಅನ್ಯಾಯವೆಂದು ಜರೆಯುವವರು ಮೊದಲು ಆ ಶಾಲೆಗಳ ಬಯಲನ್ನು ನೋಡಿಬರುವುದು ಉಚಿತ.